ವಾಕಿಂಗ್‌ನಲ್ಲಿ ಕರಗಿದ ಕ್ಯಾಲೊರಿಯನ್ನು ಮತ್ತೆ ತಿನ್ನಬೇಕಾ? ನಾಲ್ಕು ದಾರಿಗಳ ಹೋಲಿಕೆ

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಗಂಟೆ ನಡೆದು ಮನೆಗೆ ಬಂದಿದ್ದೀರಿ. ಕೈಯಲ್ಲಿರುವ ವಾಚ್ 300 ಕ್ಯಾಲೊರಿ ಕರಗಿತು ಅಂತ ತೋರಿಸುತ್ತಿದೆ. ಫೋನಿನ ಆ್ಯಪ್ ಆ 300ನ್ನು ತಾನೇ ಎತ್ತಿಕೊಂಡು ಇವತ್ತಿನ ಊಟದ ಲೆಕ್ಕಕ್ಕೆ ಸೇರಿಸಿದೆ. ಒಲೆ ಮೇಲೆ ಕಾವಲಿ ಕಾದಿದೆ. ಎರಡು ದೋಸೆಗೆ ನಿಲ್ಲಿಸಬೇಕು ಅಂದುಕೊಂಡಿದ್ದಿರಿ. ಈಗ ಮೂರನೆಯದು ಹಾಕಿಕೊಳ್ಳಬಹುದಾ?

ತೂಕ ಇಳಿಸಲು ಹೊರಟವರನ್ನೆಲ್ಲ ಒಂದಲ್ಲ ಒಂದು ದಿನ ಕಾಡುವ ಪ್ರಶ್ನೆ ಇದು. ತಿನ್ನಲೇಬಾರದು ಅಂತ ಒಬ್ಬರು ಹೇಳುತ್ತಾರೆ. ಪೂರ್ತಿ ತಿನ್ನಿ, ಇಲ್ಲದಿದ್ದರೆ ಸುಸ್ತಾಗುತ್ತೀರಿ ಅಂತ ಇನ್ನೊಬ್ಬರು. ಅರ್ಧ ತಿನ್ನಿ ಅನ್ನುವವರೂ ಇದ್ದಾರೆ. ಮೂವರ ಮಾತಿನಲ್ಲೂ ನಿಜ ಇದೆ, ಆದರೆ ಅದು ಬೇರೆ ಬೇರೆ ಜನಕ್ಕೆ ಅನ್ವಯಿಸುವ ನಿಜ. ನಿಮಗೆ ಯಾವುದು ಅಂತ ತಿಳಿಯಬೇಕಾದರೆ ನಿಮ್ಮ ದಿನದ ಗುರಿ ಎಲ್ಲಿಂದ ಬಂತು, ನೀವು ಮಾಡುವ ವ್ಯಾಯಾಮ ಎಂಥದ್ದು ಅನ್ನೋದನ್ನು ನೋಡಬೇಕು. ಇಲ್ಲಿ ಕ್ಯಾಲೊರಿ ಅಂದರೆ ಬಿಸ್ಕತ್ ಪ್ಯಾಕೆಟ್ ಮೇಲೆ ಕಿಲೋಕ್ಯಾಲೊರಿ ಅಂತ ಬರೆದಿರುತ್ತಲ್ಲ, ಅದೇ.

ಮೊದಲ ಕೆಲಸ: ಗುರಿಯೊಳಗೆ ವ್ಯಾಯಾಮ ಆಗಲೇ ಸೇರಿದೆಯಾ?

ಹೆಚ್ಚಿನವರು ಎಡವುವುದು ಇಲ್ಲೇ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾವು ಸುಮ್ನೆ ಮಲಗಿದ್ದರೂ ಹೃದಯ, ಮಿದುಳು, ಲಿವರ್ ಕೆಲಸ ಮಾಡುತ್ತಲೇ ಇರುತ್ತವೆ. ಅದಕ್ಕೆ ಬೇಕಾಗುವ ಶಕ್ತಿಗೆ ಬಿಎಂಆರ್ ಅನ್ನುತ್ತಾರೆ. ಇದನ್ನು ಅಂದಾಜು ಮಾಡಲು ಈಗ ಹೆಚ್ಚಾಗಿ ಬಳಸುವುದು 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜ್ಯೋರ್ ಸೂತ್ರ. ಕೆ.ಜಿ. ತೂಕವನ್ನು 10ರಿಂದ ಗುಣಿಸಿ. ಸೆಂಟಿಮೀಟರ್ ಎತ್ತರವನ್ನು 6.25ರಿಂದ ಗುಣಿಸಿ ಅದಕ್ಕೆ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಕೊನೆಗೆ ಗಂಡಸರಾದರೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ.

ನಾನು ಶುರು ಮಾಡಿದಾಗ ನನಗೆ 34 ವರ್ಷ, 68 ಕೆ.ಜಿ., ಎತ್ತರ 158 ಸೆಂ.ಮೀ. ಲೆಕ್ಕ ಹಾಕಿದರೆ 1,336 ಬಂತು. ಇಡೀ ದಿನ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಇದನ್ನು 1.2ರಿಂದ ಗುಣಿಸುತ್ತಾರೆ. ಆಗ 1,604. ಅಂದರೆ ವಾಕಿಂಗ್ ಹೋಗದ ದಿನ ನನ್ನ ಮೈ ಖರ್ಚು ಮಾಡುವುದು ಸುಮಾರು ಇಷ್ಟು. ದಿನಕ್ಕೆ 350 ಕಡಿಮೆ ತಿನ್ನೋಣ ಅಂತ ಹೊರಟರೆ ಊಟದ ಗುರಿ ಸುಮಾರು 1,250.

ಆದರೆ ಹೀಗೆ ಗುಣಿಸುವ ಅಂಕಿಗಳ ಕೋಷ್ಟಕದಲ್ಲಿ ಇನ್ನೊಂದು ಅಂಕಿ ಇದೆ, 1.375. ವಾರದಲ್ಲಿ ಕೆಲವು ದಿನ ಹಗುರ ವ್ಯಾಯಾಮ ಮಾಡುವವರಿಗೆ ಅದು. ನಾನು ವಾರಕ್ಕೆ ಐದು ದಿನ ನಡೆಯುತ್ತಿದ್ದೆ. ಸಹಜವಾಗಿ ಅದನ್ನೇ ಒತ್ತಿದೆ. ದಿನದ ಖರ್ಚು 1,838 ಅಂತ ಬಂತು, ಗುರಿ 1,488. ಇಲ್ಲಿಯವರೆಗೆ ತಪ್ಪೇನಿಲ್ಲ. ಆದರೆ ವಾಚ್ ತೋರಿಸಿದ 300ನ್ನೂ ಇದರ ಮೇಲೆ ತಿಂದೆ. ಅಲ್ಲಿಗೆ 1,788 ಆಯಿತು. ನಡೆದ ದಿನ ನನ್ನ ಮೈ ನಿಜವಾಗಿ ಖರ್ಚು ಮಾಡುತ್ತಿದ್ದದ್ದು ಸುಮಾರು 1,774. ಈ ಅಂಕಿ ಹೇಗೆ ಬಂತು ಅಂತ ಮುಂದೆ ಹೇಳುತ್ತೇನೆ. ಆರು ವಾರ ಬೆಳಿಗ್ಗೆ ಐದೂವರೆಗೆ ಎದ್ದೆ, ಅನ್ನ ಅಳೆದು ತಿಂದೆ, ತೂಕದ ಮುಳ್ಳು ಅಲ್ಲಾಡಲಿಲ್ಲ. ಥೈರಾಯ್ಡ್ ಇರಬೇಕು ಅಂತ ರಕ್ತ ಪರೀಕ್ಷೆ ಕೂಡ ಮಾಡಿಸಿದೆ. ಎಲ್ಲ ಸರಿಯಾಗಿತ್ತು. ಒಂದೇ ನಡಿಗೆಯನ್ನು ಎರಡು ಸಲ ಲೆಕ್ಕ ಹಾಕಿದ್ದೆ, ಅಷ್ಟೇ.

ಆದ್ದರಿಂದ ನಿಮ್ಮ ಆ್ಯಪ್ ಯಾವ ಜಾತಿಯದ್ದು ಅಂತ ಮೊದಲು ನೋಡಿಕೊಳ್ಳಿ. ಮೈಫಿಟ್‌ನೆಸ್‌ಪಾಲ್ ಥರದವು ವ್ಯಾಯಾಮ ಬಿಟ್ಟು ಗುರಿ ಹಾಕುತ್ತವೆ, ಮಾಡಿದ ದಿನ ಕೂಡಿಸುತ್ತವೆ. ಅಲ್ಲಿ 'ನಿಮ್ಮ ದಿನ ಹೇಗಿರುತ್ತೆ' ಅಂತ ಕೇಳಿದಾಗ ಆಫೀಸು, ಮನೆ ಕೆಲಸ ಇಷ್ಟನ್ನೇ ಯೋಚಿಸಿ ಉತ್ತರಿಸಬೇಕು, ವಾಕಿಂಗ್ ಸೇರಿಸಬಾರದು. ಇಂಟರ್ನೆಟ್‌ನಲ್ಲಿ ಸಿಗುವ ಸಾಮಾನ್ಯ ಕ್ಯಾಲ್ಕುಲೇಟರ್‌ಗಳು 'ವಾರಕ್ಕೆ ಎಷ್ಟು ದಿನ ವ್ಯಾಯಾಮ' ಅಂತ ಕೇಳಿ ಮೊದಲೇ ಸೇರಿಸಿಬಿಡುತ್ತವೆ. ಆ ಗುರಿ ಇಟ್ಟುಕೊಂಡವರು ಮತ್ತೆ ತಿನ್ನುವ ಮಾತೇ ಇಲ್ಲ. ಡಯಟಿಷಿಯನ್ ಚೀಟಿ ಬರೆದುಕೊಟ್ಟಿದ್ದರೆ, ಇದರಲ್ಲಿ ನನ್ನ ವಾಕಿಂಗ್ ಸೇರಿದೆಯಾ ಅಂತ ಒಂದು ಮಾತು ಕೇಳಿ.

ವಾಚ್ ತೋರಿಸುವ 300, ನಿಜಕ್ಕೂ ಎಷ್ಟು?

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರ ಕೈಗೆ ಬೇರೆ ಬೇರೆ ಕಂಪನಿಗಳ ಏಳು ಸಾಧನಗಳನ್ನು ಕಟ್ಟಿ ಪರೀಕ್ಷೆ ಮಾಡಿದರು. ಎದೆಬಡಿತವನ್ನು ಏಳರಲ್ಲಿ ಆರು ಚೆನ್ನಾಗಿಯೇ ಹೇಳಿದವು, ತಪ್ಪು 5%ಕ್ಕಿಂತ ಕಡಿಮೆ. ಕ್ಯಾಲೊರಿ ವಿಷಯದಲ್ಲಿ ಮಾತ್ರ ಒಂದೂ ಪಾಸಾಗಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೇ ಸರಾಸರಿ 27% ತಪ್ಪು ಹೇಳಿತು. ಕೊನೆಯಲ್ಲಿದ್ದದ್ದು 93%. ಆಮೇಲೆ ವಾಚ್‌ಗಳು ಸುಧಾರಿಸಿರಬಹುದು. ಆದರೂ ಮಣಿಕಟ್ಟಿನ ಬಡಿತ ನೋಡಿ ಇಡೀ ಮೈಯ ಖರ್ಚು ಹೇಳುವುದು ಅಂದಾಜೇ. ಬಿಸಿಲು, ಬೆಳಿಗ್ಗೆ ಕುಡಿದ ಕಾಫಿ, ಮನಸ್ಸಿನ ಒತ್ತಡ ಇವೆಲ್ಲ ಬಡಿತ ಏರಿಸುತ್ತವೆ. ಬಡಿತ ಏರಿತು ಅಂತ ಕೊಬ್ಬು ಜಾಸ್ತಿ ಕರಗುವುದಿಲ್ಲ.

ಇದರ ಜೊತೆ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ, ಇದನ್ನು ಯಾರೂ ಹೇಳುವುದೇ ಇಲ್ಲ. ಆ ಒಂದು ಗಂಟೆ ನೀವು ಮನೆಯಲ್ಲಿ ಕೂತಿದ್ದರೂ ಮೈ ಒಂದಷ್ಟು ಖರ್ಚು ಮಾಡುತ್ತಿತ್ತು ಅಲ್ವಾ? ಅದು ಸುಮಾರು ಕೆ.ಜಿ.ಗೆ 1 ಕ್ಯಾಲೊರಿ. ನನ್ನ ಲೆಕ್ಕದಲ್ಲಿ 68. ಚುರುಕಾದ ನಡಿಗೆಗೆ ಕೆ.ಜಿ.ಗೆ ಗಂಟೆಗೆ 3.5 ಕ್ಯಾಲೊರಿ ಅಂತ ಹಿಡಿಯುತ್ತಾರೆ, ಅಂದರೆ 238. ಇದರಲ್ಲಿ ಕೂತಿದ್ದರೂ ಹೋಗುತ್ತಿದ್ದ 68 ಕಳೆದರೆ ಉಳಿದದ್ದು 170. ನಡೆದದ್ದರಿಂದ ನನಗೆ ಸಿಕ್ಕ ಲಾಭ ಅಷ್ಟೇ. ಹಲವು ವಾಚ್‌ಗಳು, ಟ್ರೆಡ್‌ಮಿಲ್‌ಗಳು ಒಟ್ಟು ಮೊತ್ತವನ್ನೇ ತೋರಿಸುತ್ತವೆ. 1,604ರಲ್ಲಿ ಆ 68 ಆಗಲೇ ಸೇರಿದೆ. ಅದನ್ನು ಮತ್ತೆ ತಿಂದರೆ ಮತ್ತೊಂದು ಎರಡೆರಡು ಲೆಕ್ಕ. ಮೇಲೆ ಹೇಳಿದ 1,774 ಬಂದದ್ದು ಹೀಗೆ: 1,604ಕ್ಕೆ 170 ಕೂಡಿಸಿ.

ವಾಚ್ ಇಲ್ಲದವರಿಗೂ ಇರುವವರಿಗೂ ಉಪಯೋಗಕ್ಕೆ ಬರುವ ಸುಲಭದ ಲೆಕ್ಕ ಒಂದಿದೆ. ಓಡುವುದಾದರೆ ನಿಮ್ಮ ತೂಕವನ್ನು ಕಿಲೋಮೀಟರ್‌ನಿಂದ ಗುಣಿಸಿ, ಸುಮಾರು ಅಷ್ಟು ಕ್ಯಾಲೊರಿ. ನಡೆಯುವುದಾದರೆ ಅದರ ಅರ್ಧ. 68 ಕೆ.ಜಿ., 5 ಕಿ.ಮೀ. ನಡಿಗೆ: 340ರ ಅರ್ಧ, 170. ನಾನು ಈಗ ಇದನ್ನೇ ನಂಬುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ದಿನ ಇದು ಹೊಂದುವುದಿಲ್ಲ, ಏರು ಹತ್ತಲು ಇನ್ನೂ ಜಾಸ್ತಿ ಬೇಕು. ಆದರೆ ಅದು ದಿನಾ ಮಾಡುವ ಕೆಲಸ ಅಲ್ಲವಲ್ಲ.

ಮೈ ತನ್ನದೇ ಉಳಿತಾಯವನ್ನೂ ಮಾಡುತ್ತದೆ. ಹರ್ಮನ್ ಪಾಂಟ್ಜರ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ತಾಂಜಾನಿಯಾದ ಹಡ್ಜಾ ಜನರನ್ನು ಅಳೆದರು. ಬೇಟೆ ಆಡಿ, ಗೆಡ್ಡೆ ಅಗೆದು ಬದುಕುವ ಜನ ಅವರು. ದಿನವಿಡೀ ಓಡಾಟ. ಆದರೂ ಮೈಗಾತ್ರದ ವ್ಯತ್ಯಾಸ ತೆಗೆದು ನೋಡಿದರೆ ಅವರ ದಿನದ ಒಟ್ಟು ಖರ್ಚು ಪಟ್ಟಣದಲ್ಲಿ ಕೂತು ಕೆಲಸ ಮಾಡುವವರಷ್ಟೇ ಇತ್ತು. ಆ ಫಲಿತಾಂಶ 2012ರಲ್ಲಿ ಬಂತು. 2021ರಲ್ಲಿ 1,754 ಜನರ ಮಾಹಿತಿ ಸೇರಿಸಿ ನೋಡಿದ ಇನ್ನೊಂದು ಅಧ್ಯಯನದ ಪ್ರಕಾರ, ಚಟುವಟಿಕೆಯಿಂದ ಖರ್ಚಾಗುವ ಹೆಚ್ಚುವರಿ ಕ್ಯಾಲೊರಿಯಲ್ಲಿ ಸರಾಸರಿ 28%ರಷ್ಟನ್ನು ಮೈ ಬೇರೆ ಕಡೆ ಉಳಿಸಿಕೊಳ್ಳುತ್ತದೆ. ಬೊಜ್ಜು ಜಾಸ್ತಿ ಇರುವವರಲ್ಲಿ ಈ ಉಳಿತಾಯವೂ ಜಾಸ್ತಿ. ನನ್ನ ಮನೆಯಲ್ಲೇ ಇದಕ್ಕೆ ಹತ್ತಿರದ್ದೊಂದನ್ನು ಕಂಡಿದ್ದೇನೆ. ಜೋರಾಗಿ ನಡೆದು ಬಂದ ದಿನ ಮಧ್ಯಾಹ್ನ ಊಟ ಆದಮೇಲೆ ಸೋಫಾ ಬಿಟ್ಟು ಏಳುತ್ತಿರಲಿಲ್ಲ. ಬಟ್ಟೆ ಒಣಹಾಕಲು ಮೇಲಿನ ಮಹಡಿಗೆ ಮಗನನ್ನು ಕಳಿಸುತ್ತಿದ್ದೆ.

ನಾಲ್ಕು ದಾರಿ, ಒಂದೇ ಮನುಷ್ಯಳ ಲೆಕ್ಕ

ಈಗ ನನ್ನದೇ ಅಂಕಿಗಳನ್ನು ಇಟ್ಟುಕೊಂಡು ನಾಲ್ಕನ್ನೂ ಹೋಲಿಸೋಣ. ನಡೆಯದ ದಿನದ ಖರ್ಚು 1,604. ನಡೆದ ದಿನದ್ದು 1,774. ವಾರಕ್ಕೆ ಐದು ದಿನ ನಡಿಗೆ. ವಾಚ್ ತೋರಿಸುವುದು 300. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅನ್ನುವ ಹಳೆಯ ಲೆಕ್ಕ ಹಿಡಿದಿದ್ದೇನೆ. ಅದು 1958ರಿಂದ ಬಳಕೆಯಲ್ಲಿದೆ. ತಿಂಗಳುಗಟ್ಟಲೆ ಅದರಂತೆಯೇ ತೂಕ ಇಳಿಯುವುದಿಲ್ಲ, ಆದರೆ ಹೋಲಿಕೆಗೆ ಸಾಕು.

*ಏನೂ ತಿನ್ನದಿರುವುದು.* ದಿನಾ 1,250. ನಡೆದ ದಿನ 524 ಕೊರತೆ, ಉಳಿದ ದಿನ 350ರ ಹತ್ತಿರ. ವಾರಕ್ಕೆ ಸುಮಾರು 3,300. ಅಂದರೆ ವಾರಕ್ಕೆ 0.43 ಕೆ.ಜಿ. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ವೇಗ. ಲೆಕ್ಕ ಇಡುವ ಕೆಲಸವೂ ಕಡಿಮೆ. ಆದರೆ 1,250 ಅನ್ನೋದು ಕಡಿಮೆ ಊಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 55 ಕೆ.ಜಿ. ತೂಕದ, ಕೂತು ಕೆಲಸ ಮಾಡುವ ಹೆಂಗಸಿಗೆ ಹೇಳುವುದು 1,660. ಅಷ್ಟರಲ್ಲೇ ಕಬ್ಬಿಣ, ಕ್ಯಾಲ್ಸಿಯಂ, ಪ್ರೋಟೀನ್ ಹೊಂದಿಸುವುದು ನಮ್ಮ ಅನ್ನ-ಸಾರಿನ ಊಟದಲ್ಲಿ ಕಷ್ಟ. 1,250ರಲ್ಲಿ ಇನ್ನೂ ಕಷ್ಟ. ನಾಲ್ಕನೇ ದಿನ ಸಂಜೆ ಚಕ್ಕುಲಿ ಡಬ್ಬಿಗೆ ಕೈ ಹೋಗುವುದು ಬುದ್ಧಿ ಇಲ್ಲದ್ದಕ್ಕಲ್ಲ, ಹಸಿವಿಗೆ.

*ಪೂರ್ತಿ ತಿನ್ನುವುದು.* ನಡೆದ ದಿನ 1,250 ಮತ್ತು 300, ಒಟ್ಟು 1,550. ಕೊರತೆ 224ಕ್ಕೆ ಇಳಿಯಿತು. ವಾರಕ್ಕೆ 0.24 ಕೆ.ಜಿ. ಇಲ್ಲೊಂದು ವಿಚಿತ್ರ ಇದೆ. ನಡೆಯದೆ ಮನೆಯಲ್ಲಿದ್ದು 1,250 ತಿಂದಿದ್ದರೆ ಕೊರತೆ 354 ಇರುತ್ತಿತ್ತು. ನಡೆದ ದಿನವೇ ತೂಕ ಇಳಿಯುವುದು ನಿಧಾನ ಆಯಿತು. ವಾಚ್ ನಿಖರವಾಗಿ 170 ಅಂತ ಹೇಳಿದ್ದರೆ ಈ ದಾರಿಯಲ್ಲಿ ತಪ್ಪೇನೂ ಇರುತ್ತಿರಲಿಲ್ಲ. ತೊಂದರೆ ಇರುವುದು ತಿನ್ನುವುದರಲ್ಲಿ ಅಲ್ಲ, ಆ ಅಂಕಿಯಲ್ಲಿ.

*ಅರ್ಧ ತಿನ್ನುವುದು.* 1,250 ಮತ್ತು 150, ಒಟ್ಟು 1,400. ಕೊರತೆ 374. ವಾರಕ್ಕೆ 0.33 ಕೆ.ಜಿ. ಅಂದುಕೊಂಡಿದ್ದ 350ರ ಪಕ್ಕದಲ್ಲೇ ಬಂತು. ಇದು ಆಕಸ್ಮಿಕ ಅಲ್ಲ. ವಾಚ್‌ನ ಉತ್ಪ್ರೇಕ್ಷೆ, ಕೂತಿದ್ದರೂ ಹೋಗುತ್ತಿದ್ದ ಪಾಲು, ಮೈಯ ಉಳಿತಾಯ ಎಲ್ಲ ಸೇರಿ ನಿಜ ಅರ್ಧದ ಸುತ್ತಮುತ್ತ ಬರುವುದೇ ಹೆಚ್ಚು. ಅನುಭವದಿಂದ ಹುಟ್ಟಿದ ಮಾತು ಇದು, ಒರಟಾಗಿದ್ದರೂ ಕೆಲಸ ಮಾಡುತ್ತದೆ.

*ವಾರದ್ದನ್ನು ಹಂಚಿ ದಿನಾ ಒಂದೇ ಊಟ.* ಐದು ನಡಿಗೆಯ 850 ಕ್ಯಾಲೊರಿಯನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 121. ಖರ್ಚು 1,725, ಗುರಿ 1,375. ನಡೆದರೂ ಅಷ್ಟೇ, ನಡೆಯದಿದ್ದರೂ ಅಷ್ಟೇ. ವಾರಕ್ಕೆ 0.32 ಕೆ.ಜಿ. ವಾಚ್ ನೋಡುವ ಅಗತ್ಯವೇ ಇಲ್ಲ.

ನಾನು ಆರಿಸಿದ್ದು ಈ ಕೊನೆಯದನ್ನು. ದಿನಾ ನಡೆಯುವವರಿಗೆ, ಮನೆಮಂದಿಗೆಲ್ಲ ಒಟ್ಟಿಗೆ ಅಡಿಗೆ ಮಾಡುವವರಿಗೆ ಇದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಮಳೆ ಬಂದು ಒಂದು ದಿನ ನಡಿಗೆ ತಪ್ಪಿದರೆ 'ಇವತ್ತು ಊಟ ಕಡಿಮೆ' ಅನ್ನೋ ಶಿಕ್ಷೆ ಇಲ್ಲ. ಊಟ ಬೇಕು ಅಂತ ಕಾಲು ನೋಯುತ್ತಿದ್ದರೂ ಇನ್ನೊಂದು ಸುತ್ತು ಹೊಡೆಯುವ ಚಾಳಿಯೂ ಬರುವುದಿಲ್ಲ. ಈ ಎರಡನೆಯದು ಸಣ್ಣ ವಿಷಯ ಅಲ್ಲ. ತುತ್ತಿಗೆ ನಡಿಗೆಯ ಬೆಲೆ ಕಟ್ಟಲು ಶುರು ಮಾಡಿದರೆ ಊಟವೂ ಕಹಿ, ನಡಿಗೆಯೂ ಕಹಿ. ಈ ದಾರಿಗೆ ಒಂದೇ ಷರತ್ತು: ವಾರಕ್ಕೆ ಐದು ದಿನ ಅಂದರೆ ಐದು ದಿನ ನಡೆಯಬೇಕು. ಎರಡೇ ದಿನ ನಡೆದು ಐದರ ಲೆಕ್ಕ ತಿಂದರೆ ಅದು ನಿಮ್ಮ ತೂಕದಲ್ಲಿ ಕಾಣುತ್ತದೆ.

ಯಾರಿಗೆ ಯಾವುದು

ನಡೆಯುವವರು, ಹಗುರವಾಗಿ ಯೋಗ ಮಾಡುವವರು, ಸಂಜೆ ಅರ್ಧ ಗಂಟೆ ಶಟಲ್ ಆಡುವವರು ಪ್ರತ್ಯೇಕವಾಗಿ ಏನೂ ತಿನ್ನಬೇಕಾಗಿಲ್ಲ. ಹಂಚಿದ ಗುರಿ ಸಾಕು. ಮನೆ ಒರೆಸಿದ್ದು, ಪಾತ್ರೆ ತೊಳೆದದ್ದು ಇವನ್ನೂ ವ್ಯಾಯಾಮ ಅಂತ ಆ್ಯಪ್‌ನಲ್ಲಿ ಬರೆಯಬೇಡಿ. ಅವು 1.2ರೊಳಗೆ ಬಹುಮಟ್ಟಿಗೆ ಸೇರಿವೆ.

ಜಿಮ್‌ನಲ್ಲಿ ಭಾರ ಎತ್ತುವವರಿಗೆ ವಾಚ್ ಲೆಕ್ಕ ಇನ್ನೂ ಕೆಟ್ಟದು. ಒಂದು ಸೆಟ್ ಆದಮೇಲೆ ಎರಡು ನಿಮಿಷ ಕೂತಿರುತ್ತೀರಿ, ಬಡಿತ ಮಾತ್ರ ಮೇಲೇ ಇರುತ್ತದೆ, ವಾಚ್ ಓಡಿದಂತೆ ಲೆಕ್ಕ ಹಾಕುತ್ತದೆ. ಆ ಅಂಕಿಯನ್ನು ಪೂರ್ತಿ ಮರೆತುಬಿಡಿ. ಅದರ ಬದಲು ಪ್ರೋಟೀನ್ ನೋಡಿಕೊಳ್ಳಿ. ಸಾಮಾನ್ಯ ಜನಕ್ಕೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ. ತೂಕ ಇಳಿಸುತ್ತಾ ಭಾರ ಎತ್ತುವವರಿಗೆ 1.2ರಿಂದ 1.6 ಗ್ರಾಂ ಅಂತ ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಉದ್ದ ಓಡುವವರ ಕಥೆಯೇ ಬೇರೆ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೋ, ಹಾಫ್ ಮ್ಯಾರಥಾನ್‌ಗೋ ತಯಾರಿ ಮಾಡುವ 72 ಕೆ.ಜಿ.ಯ ಗಂಡಸನ್ನು ತೆಗೆದುಕೊಳ್ಳಿ. ಭಾನುವಾರ ಬೆಳಿಗ್ಗೆ 18 ಕಿ.ಮೀ. ಓಡಿದರೆ ಸುಮಾರು 1,300 ಕ್ಯಾಲೊರಿ. ಊಟದ ಗುರಿ 1,800 ಇದ್ದು ಏನೂ ಸೇರಿಸದಿದ್ದರೆ, ದಿನದ ಉಳಿದ ಕೆಲಸಕ್ಕೆಲ್ಲ ಮೈಗೆ ಉಳಿಯುವುದು 500. ಇದು ಡಯಟ್ ಅಲ್ಲ, ಉಪವಾಸ. ಇಂಥ ದಿನ ಖಂಡಿತ ತಿನ್ನಬೇಕು. ಅರ್ಧದಿಂದ ಮುಕ್ಕಾಲು ಪಾಲು, ಅಂದರೆ 650ರಿಂದ 975. ಅದರಲ್ಲೂ ಒಂದಷ್ಟು ಓಡುವ ಮೊದಲು, ಒಂದಷ್ಟು ಓಡಿ ಬಂದ ಒಂದೆರಡು ಗಂಟೆಯೊಳಗೆ. ರಾತ್ರಿ ಎಲ್ಲ ಒಟ್ಟಿಗೆ ಹಾಕಿಕೊಂಡರೆ ಮರುದಿನದ ಕಾಲಿಗೆ ಅದರ ಪ್ರಯೋಜನ ಕಡಿಮೆ. ವಾರದ ಮಧ್ಯದ 5 ಕಿ.ಮೀ. ಓಟಗಳನ್ನು ಹಂಚಿದ ಗುರಿಯೊಳಗೇ ಇಡಿ, ಭಾನುವಾರದ್ದನ್ನು ಮಾತ್ರ ಬೇರೆ ತಿನ್ನಿ. ಓಡುವವರಿಗೆ ಈ ಮಿಶ್ರ ದಾರಿ ಚೆನ್ನಾಗಿ ಹೊಂದುತ್ತದೆ.

ಈಗ ನನಗೆ ತುಂಬ ಮುಖ್ಯ ಅನ್ನಿಸುವ ವಿಷಯ. ನನ್ನ ತಂಗಿಗೆ ಆಗ 26, ತೂಕ 58 ಕೆ.ಜಿ. ಮದುವೆಗೆ ಮೊದಲು 50ಕ್ಕೆ ಬರಬೇಕು ಅಂತ ಹಟ. ಸೇರಿದ್ದ ಜಿಮ್‌ನಲ್ಲಿ 1,200 ಕ್ಯಾಲೊರಿಯ ಚೀಟಿ ಕೊಟ್ಟು, ವ್ಯಾಯಾಮದ್ದನ್ನು ಮುಟ್ಟಲೇಬಾರದು ಅಂದರಂತೆ. ಅವಳು ಬೆಳಿಗ್ಗೆ ಒಂದು ಗಂಟೆ ಓಡಿ, ಸಂಜೆ ಒಂದು ಗಂಟೆ ಡ್ಯಾನ್ಸ್ ಕ್ಲಾಸ್‌ಗೆ ಹೋಗುತ್ತಿದ್ದಳು. ಎರಡು ತಿಂಗಳಲ್ಲಿ ತೂಕ ಇಳಿಯಿತು, ಎಲ್ಲರೂ ಹೊಗಳಿದರು. ಏಪ್ರಿಲ್ ಸೆಖೆಯಲ್ಲಿ ಅವಳು ಸ್ವೆಟರ್ ಹಾಕಿಕೊಂಡು ಕೂತಿದ್ದನ್ನು ನೋಡಿ ನನಗೆ ಭಯ ಆಯಿತು. ಕೇಳಿದಾಗ ಗೊತ್ತಾಯಿತು, ಮೂರು ತಿಂಗಳಿಂದ ಮುಟ್ಟಾಗಿಲ್ಲ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಡಾಕ್ಟರು ಬೇರೆ ಕಾರಣ ಇಲ್ಲ ಅಂತ ಪರೀಕ್ಷೆ ಮಾಡಿ ಖಚಿತ ಮಾಡಿಕೊಂಡು ಹೇಳಿದ್ದು ಇಷ್ಟೇ: ಓಟ ಅರ್ಧ ಮಾಡಿ, ಊಟ ಜಾಸ್ತಿ ಮಾಡಿ. ಐದು ತಿಂಗಳು ಬೇಕಾಯಿತು ಸರಿಹೋಗಲು.

ವ್ಯಾಯಾಮಕ್ಕೆ ಹೋದದ್ದು ಬಿಟ್ಟು ಮೈಗೆ ಉಳಿಯುವ ಶಕ್ತಿ ತೀರ ಕಡಿಮೆ ಆದರೆ ಮೈ ಒಂದೊಂದೇ ಕೆಲಸ ನಿಲ್ಲಿಸುತ್ತಾ ಬರುತ್ತದೆ. ಮುಟ್ಟು, ಮೂಳೆ ಕಟ್ಟುವ ಕೆಲಸ, ಮೈ ಬಿಸಿ ಇಡುವ ಕೆಲಸ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಕ್ರೀಡಾಪಟುಗಳ ವಿಷಯದಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಇದು ಗಂಡಸರಿಗೂ ಆಗುತ್ತದೆ. ಕೊಬ್ಬು ಬಿಟ್ಟು ಉಳಿದ ಮೈತೂಕದ ಪ್ರತಿ ಕೆ.ಜಿ.ಗೆ 30 ಕ್ಯಾಲೊರಿಗಿಂತ ಕೆಳಗೆ ಇಳಿದರೆ ಅಪಾಯ ಅನ್ನೋದು ಸಾಮಾನ್ಯ ಅಳತೆ. ತಂಗಿಯ ಲೆಕ್ಕ ಹಾಕಿ ನೋಡಿ. ಕೊಬ್ಬು ಬಿಟ್ಟ ತೂಕ ಸುಮಾರು 41 ಕೆ.ಜಿ. ಅಂತ ಹಿಡಿದರೂ 1,230 ಬೇಕಿತ್ತು. ಅವಳು ತಿನ್ನುತ್ತಿದ್ದದ್ದೇ 1,200, ಅದರಲ್ಲಿ ಓಟಕ್ಕೂ ಡ್ಯಾನ್ಸ್‌ಗೂ ಹೋದದ್ದು ಕಳೆದರೆ 600, 700. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೆವರು ಸುರಿಸುವ, ಮೊದಲೇ ಸಣ್ಣ ಮೈಕಟ್ಟಿನ ಹೆಣ್ಣುಮಕ್ಕಳು ದಯವಿಟ್ಟು 'ಏನೂ ತಿನ್ನದಿರುವ' ದಾರಿಗೆ ಹೋಗಬೇಡಿ. ಮುಟ್ಟು ತಪ್ಪಿದರೆ, ನಿದ್ದೆ ಕೆಟ್ಟರೆ, ಸದಾ ಚಳಿ ಅನ್ನಿಸಿದರೆ ಡಾಕ್ಟರ ಹತ್ತಿರ ಹೋಗಿ.

ಹಾಲೂಡಿಸುವ ತಾಯಂದಿರಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು ಅನ್ನುತ್ತದೆ ಅದೇ ಪೋಷಣಾ ಸಂಸ್ಥೆ. ಅದು ವ್ಯಾಯಾಮಕ್ಕಿಂತ ದೊಡ್ಡ ಖರ್ಚು. ಮೊದಲು ಅದನ್ನು ತಿನ್ನಿ, ಆಮೇಲೆ ಉಳಿದ ಮಾತು. ಬಸುರಿಯರು ತೂಕ ಇಳಿಸುವ ಲೆಕ್ಕಕ್ಕೇ ಹೋಗಬಾರದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ನಡಿಗೆ ಜಾಸ್ತಿ ಮಾಡಿದರೆ ಸಕ್ಕರೆ ದಿಢೀರ್ ಇಳಿಯಬಹುದು. ಶುರು ಮಾಡುವ ಮೊದಲೇ ಡಾಕ್ಟರ ಹತ್ತಿರ ಮಾತ್ರೆಯ ಪ್ರಮಾಣ ಮಾತಾಡಿಕೊಳ್ಳಿ. ಕೈ ನಡುಗಿ, ಬೆವರಿ, ರಕ್ತದ ಸಕ್ಕರೆ 70ಕ್ಕಿಂತ (ಮಿ.ಗ್ರಾಂ/ಡೆಸಿಲೀಟರ್) ಕೆಳಗೆ ಬಂದಾಗ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು. ಆ ಕ್ಯಾಲೊರಿಯನ್ನು ಯಾವ ಲೆಕ್ಕಕ್ಕೂ ಬರೆಯಬೇಡಿ.

ಹೊಲದಲ್ಲಿ, ಕಟ್ಟಡದಲ್ಲಿ ದಿನವಿಡೀ ದುಡಿಯುವವರಿಗೆ ಈ ಪ್ರಶ್ನೆಯೇ ಬೇರೆ. ಅವರ ದುಡಿಮೆ ಊಟದ ಗುರಿಯಲ್ಲಿ ಮೊದಲೇ ಸೇರಿರಬೇಕು. ಕೂತವರಿಗೆ ಬರೆದ ಚೀಟಿ ಅವರಿಗೆ ಆಗುವುದಿಲ್ಲ.

ತಿನ್ನುವುದಾದರೆ ಏನು, ಎಷ್ಟು

ನಡಿಗೆಯ 150–170 ಕ್ಯಾಲೊರಿ ತಟ್ಟೆಯಲ್ಲಿ ಎಷ್ಟು ಕಾಣುತ್ತದೆ ಅಂತ ಗೊತ್ತಿರಬೇಕು. ಒಂದು ಹಿಡಿ ಕಡಲೆಬೀಜ, ಸುಮಾರು 30 ಗ್ರಾಂ. ಅಥವಾ ಎರಡು ಬೇಯಿಸಿದ ಮೊಟ್ಟೆ. ಅಥವಾ ಒಂದು ಬಟ್ಟಲು ಮೊಸರು, ಜೊತೆಗೆ ಒಂದು ಏಲಕ್ಕಿ ಬಾಳೆಹಣ್ಣು. 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆ ಅಂದರೆ ಸುಮಾರು 320, ಎರಡು ಗಂಟೆಯ ನಡಿಗೆ. ಮುದ್ದೆ ಕೆಟ್ಟದ್ದು ಅಂತ ಅಲ್ಲ, ಅದು ಊಟ. ನಡಿಗೆಯ ಮೇಲಿನ ಕೊಸರು ಅಂತ ತಿನ್ನುವ ವಸ್ತು ಅಲ್ಲ.

ದೋಸೆಯ ಮಾತಿಗೆ ಬಂದರೆ, ನಾನು ಒಂದು ಭಾನುವಾರ ಎಣ್ಣೆ ಬಟ್ಟಲನ್ನೇ ಅಡಿಗೆಮನೆ ತಕ್ಕಡಿ ಮೇಲಿಟ್ಟು ತೂಗಿದೆ. ಹಿಟ್ಟು ಹುಯ್ಯುವ ಮೊದಲು ಒಂದು ಸಲ, ನಾಲ್ಕು ದೋಸೆ ಆದಮೇಲೆ ಒಂದು ಸಲ. 34 ಗ್ರಾಂ ಕಡಿಮೆ ಆಗಿತ್ತು. ದೋಸೆಗೆ ಒಂದು ಚಮಚ ಅಂತ ಆ್ಯಪ್‌ನಲ್ಲಿ ಬರೆಯುತ್ತಿದ್ದೆ, ಅಂದರೆ ನಾಲ್ಕಕ್ಕೆ 20 ಗ್ರಾಂ. ಎಣ್ಣೆ ಗ್ರಾಮಿಗೆ 9 ಕ್ಯಾಲೊರಿ. 34 ಗ್ರಾಂ ಅಂದರೆ 306. ವಾಚ್ ನನ್ನ ಕೈಗೆ ದಿನಾ ತೋರಿಸುತ್ತಿದ್ದ ಅಂಕಿ ಅದೇ ಹೆಚ್ಚುಕಡಿಮೆ, ಬರೀ ಎಣ್ಣೆಯಲ್ಲಿ. ಅವತ್ತಿನಿಂದ ಒಂದು ವಿಷಯ ಮನಸ್ಸಿಗೆ ಬಂತು. ನಡಿಗೆಯ 170 ತಿನ್ನಬೇಕಾ ಬೇಡವಾ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಎಣ್ಣೆ, ಕಾಯಿ, ಕಾಫಿಯ ಸಕ್ಕರೆ ಇವನ್ನು ಒಂದು ವಾರ ತೂಗಿ ನೋಡಬೇಕು. ಹಲವರು ವ್ಯಾಯಾಮದ ಕ್ಯಾಲೊರಿಯನ್ನು ಗೊತ್ತಿಲ್ಲದೆ ಆಗಲೇ ತಿಂದಿರುತ್ತಾರೆ. ನಾನಂತೂ ತಿಂದಿದ್ದೆ.

ತಕ್ಕಡಿ ಕೊಡುವ ಉತ್ತರ

ಮೇಲಿನ ಅಂಕಿಗಳೆಲ್ಲ ಅಂದಾಜು. ಭಾರತೀಯರ ಬಿಎಂಆರ್ ಹಲವು ಸೂತ್ರಗಳು ಹೇಳುವುದಕ್ಕಿಂತ ಸ್ವಲ್ಪ ಕಡಿಮೆ ಅಂತ ನಮ್ಮ ದೇಶದ ಸಂಶೋಧಕರೇ ತೋರಿಸಿದ್ದಾರೆ. ಆದ್ದರಿಂದ ಯಾವ ದಾರಿ ಆರಿಸಿದರೂ ನಾಲ್ಕು ವಾರ ಅದನ್ನೇ ಹಿಡಿದುಕೊಳ್ಳಿ, ಮಧ್ಯದಲ್ಲಿ ಬದಲಿಸಬೇಡಿ. ವಾರಕ್ಕೆ ಮೂರ್ನಾಲ್ಕು ದಿನ, ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ ನೋಡಿ. ಆ ವಾರದ ಸರಾಸರಿ ಬರೆದಿಡಿ. ಒಂದೊಂದು ದಿನದ ಅಂಕಿಗೆ ಅರ್ಥ ಇಲ್ಲ. ಉಪ್ಪಿನಕಾಯಿ ಜಾಸ್ತಿ ತಿಂದ ಮರುದಿನ, ಬೆಟ್ಟ ಹತ್ತಿ ಕಾಲು ನೋಯುವ ದಿನ ನೀರು ನಿಂತು ಒಂದು ಕೆ.ಜಿ. ಏರಬಹುದು.

ನಾಲ್ಕು ವಾರಕ್ಕೆ ಸರಾಸರಿ ಒಂದರಿಂದ ಎರಡು ಕೆ.ಜಿ. ಇಳಿದು, ಹಸಿವು ತಡೆಯುವಷ್ಟಿದ್ದರೆ ಏನೂ ಬದಲಿಸಬೇಡಿ. ಇಳಿಯಲೇ ಇಲ್ಲವಾದರೆ ವ್ಯಾಯಾಮಕ್ಕೆ ಅಂತ ತಿನ್ನುತ್ತಿರುವುದರಲ್ಲಿ ದಿನಕ್ಕೆ 100 ಕಡಿಮೆ ಮಾಡಿ. ತಿಂಗಳಿಗೆ ಮೂರು ಕೆ.ಜಿ.ಗಿಂತ ಜಾಸ್ತಿ ಇಳಿಯುತ್ತಿದ್ದು ಸುಸ್ತೂ ಇದ್ದರೆ ದಿನಕ್ಕೆ 150ರಿಂದ 200 ಸೇರಿಸಿ. ಮೊದಲ ಎರಡು ವಾರದ ಇಳಿಕೆಯಲ್ಲಿ ಒಂದಷ್ಟು ನೀರೇ ಇರುತ್ತದೆ, ಅದನ್ನು ನೋಡಿ ಹಿಗ್ಗಬೇಡಿ, ಹೆದರಲೂ ಬೇಡಿ.

ನನ್ನ ಲೆಕ್ಕದ ಪ್ರಕಾರ ಎಂಟು ತಿಂಗಳಲ್ಲಿ ಹತ್ತು ಕೆ.ಜಿ. ಮೇಲೆ ಇಳಿಯಬೇಕಿತ್ತು. ಇಳಿದದ್ದು ಏಳು. ತೂಕ ಇಳಿದಂತೆ ಮೈಯ ಖರ್ಚೂ ಇಳಿಯುತ್ತದೆ. 61 ಕೆ.ಜಿ. ಆದಾಗ ಅದೇ 5 ಕಿ.ಮೀ. ನಡಿಗೆಗೆ 170ರ ಬದಲು 152 ಮಾತ್ರ. ಮಧ್ಯದಲ್ಲಿ ದಸರಾ, ದೀಪಾವಳಿ, ಎರಡು ಮದುವೆ. ನಾಲ್ಕೈದು ಕೆ.ಜಿ. ಇಳಿದಾಗಲೆಲ್ಲ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಹೆಂಗಸರು ಇನ್ನೊಂದನ್ನು ನೆನಪಿಡಿ: ಮುಟ್ಟಾಗುವುದಕ್ಕೆ ಮುಂಚಿನ ವಾರ ಮೈಯಲ್ಲಿ ನೀರು ನಿಲ್ಲುತ್ತದೆ. ಈ ತಿಂಗಳ ಆ ವಾರದ ತೂಕವನ್ನು ಕಳೆದ ತಿಂಗಳ ಅದೇ ವಾರದ ತೂಕದ ಪಕ್ಕದಲ್ಲಿಟ್ಟು ನೋಡಿ.